ತಡೀರಿ, ನಂದೊಂದದ!



ಹೋದ ಸಲದ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಈ ಮಾತು ಕೇಳಿದ ಕೆಲವರು, "ಕೇಳುವಾಗ ಎಲ್ಲ ತಿಳಿದ ಹಾಗೆ ಆಯಿತು. ರೇಡಿಯೋ ಆರಿಸಿದ ಮೇಲೆ ಅರ್ಧ ಮರೆತುಹೋಯಿತು. ಬರೆದು ಕೊಡಿ, ನಿಧಾನವಾಗಿ ಓದುತ್ತೇವೆ" ಎಂದರು. ಅದಕ್ಕೇ ಈ ಪಠ್ಯ. ಆಡಿದ ಮಾತನ್ನು ಹೆಚ್ಚು ತಿದ್ದದೆ ಹಾಗೆಯೇ ಬರೆದಿದ್ದೇನೆ. ಓದುವಾಗ ಪಕ್ಕದಲ್ಲಿ ಒಂದು ಹಳೆಯ ಇಸ್ಪೀಟು ಕಟ್ಟು ಇಟ್ಟುಕೊಂಡರೆ ಅನುಕೂಲ. ಎಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬಹುದು.

ವಿಷಯ ಏನೆಂದರೆ, ಮ್ಯಾಜಿಕ್ ದ ಗ್ಯಾದರಿಂಗ್ ಎಂಬ ಎಲೆಯಾಟ, ಅದರಲ್ಲೂ 'ಇನ್‌ಸ್ಟಂಟ್' ಎಂಬ ಒಂದು ಜಾತಿಯ ಮಂತ್ರ. ನಿಮ್ಮ ಮನೆಯಲ್ಲಿ ಹತ್ತು ವರ್ಷ ದಾಟಿದ ಮಕ್ಕಳಿದ್ದರೆ ಈ ಹೆಸರನ್ನು ಕೇಳಿರಬಹುದು. ಕೇಳಿಲ್ಲದಿದ್ದರೂ ಚಿಂತೆಯಿಲ್ಲ. ನಾನೂ ಐವತ್ತರ ಹತ್ತಿರ ಬಂದ ಮೇಲೆಯೇ ಕಲಿತವನು.

ಮೊದಲು ಮನೆಯ ಕಥೆ. ನಾವು ಧಾರವಾಡದ ಕಡೆಯವರು, ಪುಣೆಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಇಲ್ಲಿಗೇ ಕರೆದುಕೊಂಡು ಬಂದೆವು. ಅವರು ನಿವೃತ್ತ ಶಾಲಾ ಮಾಸ್ತರರು. ಊರಿನಲ್ಲಿ ದಿನಕ್ಕೆ ನೂರು ಜನರ ಜೊತೆ ಮಾತಾಡುತ್ತಿದ್ದ ಮನುಷ್ಯ ಇಲ್ಲಿ ಮೂರನೆಯ ಮಹಡಿಯ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೆಳಗಿನ ರಿಕ್ಷಾ ಎಣಿಸುತ್ತಿದ್ದರು. ನಾವಿಬ್ಬರೂ ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮಗ ಶಾಲೆಯಿಂದ ಬಂದು, ಅಜ್ಜ ಏನು ಕೇಳಿದರೂ ಹಿಂದಿಯಲ್ಲೋ ಮರಾಠಿಯಲ್ಲೋ ಒಂದು ಮಾತು ಹೇಳಿ ಕೋಣೆಗೆ ಹೋಗಿಬಿಡುತ್ತಿದ್ದ. ಅವನಿಗೆ ಕನ್ನಡ ತಿಳಿಯುತ್ತದೆ, ಆಡಲು ನಾಚಿಕೆ. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಕಥೆ ಎಂದು ಬಲ್ಲೆ.

ಹೀಗಿರುವಾಗ ಮಗನ ಗೆಳೆಯನೊಬ್ಬ ಒಂದು ಬೂಟಿನ ಪೆಟ್ಟಿಗೆ ತುಂಬ ಹಳೆಯ ಎಲೆ ಕೊಟ್ಟ. ಅವನ ಮಾವ ಅಮೆರಿಕದಲ್ಲಿ ಓದುವಾಗ ಆಡಿದ್ದವಂತೆ. ಬಿಳಿ ಅಂಚು, ಒಂದೊಂದರ ಮೇಲೂ ಒಂದೊಂದು ಚಿತ್ರ, ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರ. ಮಗ ಅವನ್ನು ನೆಲದ ಮೇಲೆ ಹರವಿಕೊಂಡು ಕೂತಿದ್ದ. ಅಪ್ಪ ನೋಡಿದರು. "ಏನೋ ಇದು, ಮನ್ಯಾಗ ಇಸ್ಪೀಟು ಹಚ್ಚೀಯೇನು?" ಎಂದರು. ನನಗೂ ಸಿಟ್ಟು ಬಂತು. ಪರೀಕ್ಷೆ ಹತ್ತಿರ ಇತ್ತು. ಏನು ಎತ್ತ ಎಂದು ಒಂದು ಮಾತೂ ಕೇಳದೆ ಪೆಟ್ಟಿಗೆ ಕಸಿದು ಮೇಲಿನ ಲಾಫ್ಟಿಗೆ ಎಸೆದೆ. ಅವನು ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮೂರನೆಯ ದಿನ ಪೆಟ್ಟಿಗೆ ಕೆಳಗಿಳಿಸಿದವರು ಅಪ್ಪನೇ. "ಮಾಸ್ತರಿಕಿ ಮಾಡಿದವರು ಓದದ ಪುಸ್ತಕಕ್ಕ ಮಾರ್ಕ್ಸ್ ಕೊಡಬಾರದು. ಏನದ ಅದು, ನೋಡೂಣು" ಎಂದರು. ತೊಡಕು ಏನೆಂದರೆ, ಅಪ್ಪನಿಗೆ ಆ ಇಂಗ್ಲಿಷ್ ದಕ್ಕುವುದಿಲ್ಲ, ಮಗನಿಗೆ ಕನ್ನಡದಲ್ಲಿ ವಿವರಿಸಲು ಬಾರದು. ಹಾಗಾಗಿ ನಡುವೆ ದುಭಾಷಿಯಾಗಿ ನಾನು ಕೂರಬೇಕಾಯಿತು. ಅಂದು ಅಪ್ಪನಿಗೆ ಹೇಳಿದ್ದನ್ನೇ ಇಂದು ನಿಮಗೆ ಹೇಳುತ್ತಿದ್ದೇನೆ.

ಆಟದ ಹುಟ್ಟು ಹೀಗೆ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ವಿದ್ಯಾರ್ಥಿ 1991ರಲ್ಲಿ ತಾನು ಮಾಡಿದ ಒಂದು ಬೋರ್ಡ್ ಆಟವನ್ನು ಹಿಡಿದುಕೊಂಡು, ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಆಗಿನ ಚಿಕ್ಕ ಕಂಪನಿಯ ಪೀಟರ್ ಆಡ್ಕಿಸನ್ ಅವರ ಬಳಿ ಹೋದರು. ಅದನ್ನು ಅಚ್ಚು ಹಾಕಿಸುವಷ್ಟು ಹಣ ಕಂಪನಿಯಲ್ಲಿ ಇರಲಿಲ್ಲ. "ಕಿಸೆಯಲ್ಲಿ ಹಿಡಿಸುವಂಥದ್ದು, ಬೇಗ ಮುಗಿಯುವಂಥದ್ದು ಏನಾದರೂ ಮಾಡಿ" ಎಂಬ ಕೋರಿಕೆ ಬಂತು. ಅದರಿಂದ ಹುಟ್ಟಿದ್ದೇ ಮ್ಯಾಜಿಕ್. 1993ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ಬಂತು. 'ಆಲ್ಫಾ' ಎಂದು ಕರೆಯುವ ಮೊದಲ ಮುದ್ರಣದಲ್ಲಿ 295 ಬಗೆಯ ಎಲೆಗಳಿದ್ದವು. ಆಟಗಾರರೇ ತಮ್ಮ ಎಲೆಗಳನ್ನು ಆರಿಸಿ, ವಿನಿಮಯ ಮಾಡಿಕೊಂಡು, ತಮ್ಮದೇ ಕಟ್ಟು ಕಟ್ಟಿಕೊಳ್ಳುವುದು ಇದರ ಹೊಸತನ. ಅಂದಿನಿಂದ ಇಂದಿನವರೆಗೆ ಎಲೆಯ ಬೆನ್ನಿನ ಚಿತ್ರ ಬದಲಾಗಿಲ್ಲ. ಹಾಗಾಗಿ 1995ರ ಎಲೆಯನ್ನೂ ಈ ವರ್ಷದ ಎಲೆಯನ್ನೂ ಒಂದೇ ಕಟ್ಟಿನಲ್ಲಿ ಕಲೆಸಬಹುದು.

ಆಡುವ ರೀತಿ ಇಷ್ಟು. ಇಬ್ಬರು ಮಾಂತ್ರಿಕರ ಕಾದಾಟ. ಇಬ್ಬರಿಗೂ 20 ಜೀವ. ಕಟ್ಟಿನಲ್ಲಿ ಕಡಿಮೆ ಎಂದರೆ 60 ಎಲೆ. ಮೊದಲು ಕೈಯಲ್ಲಿ 7 ಎಲೆ ಹಿಡಿಯುತ್ತೀರಿ. ಎದುರಾಳಿಯ 20 ಜೀವ ಸೊನ್ನೆಗೆ ಇಳಿಸಿದರೆ ಗೆಲುವು. ಮಂತ್ರ ಹಾಕಲು 'ಮಾನಾ' ಎಂಬ ಶಕ್ತಿ ಬೇಕು. (ಅಪ್ಪ ಇದನ್ನು 'ಮಾನ' ಎಂದೇ ಕೇಳಿಸಿಕೊಂಡು, "ಮಾನ ಕಳಕೊಂಡು ಮಂತ್ರ ಹಾಕೋದೇನು?" ಎಂದು ನಕ್ಕರು. ಅದು ಶಾಂತ ಸಾಗರದ ದ್ವೀಪಗಳ ಭಾಷೆಯಿಂದ ಬಂದ ಮಾತು.) ಮಾನಾ ಬರುವುದು ಲ್ಯಾಂಡ್, ಅಂದರೆ ಜಮೀನಿನ ಎಲೆಗಳಿಂದ. ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು ಎಂದು ಐದು ಬಗೆ. ಅವು ಕ್ರಮವಾಗಿ ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಬಣ್ಣದ ಮಾನಾ ಕೊಡುತ್ತವೆ. ನಿಮ್ಮ ಒಂದು ಸರದಿಗೆ ಒಂದು ಜಮೀನು ಇಡಬಹುದು. ಬಳಸಿದ ಜಮೀನನ್ನು ಅಡ್ಡ ಮಲಗಿಸಬೇಕು. ನಿಮ್ಮ ಮುಂದಿನ ಸರದಿ ಬಂದಾಗಲೇ ಅದು ಮತ್ತೆ ನೆಟ್ಟಗಾಗುವುದು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಮಂತ್ರಗಳ ಜಾತಿಗೆ ಬರೋಣ. ಪ್ರಾಣಿಗಳನ್ನು ಕರೆಯುವ ಮಂತ್ರ, ಮೇಜಿನ ಮೇಲೆ ಉಳಿಯುವ ವಸ್ತುಗಳ ಮಂತ್ರ ಮುಂತಾದವು ಇವೆ. ಒಮ್ಮೆ ಕೆಲಸ ಮಾಡಿ ಮುಗಿದುಹೋಗುವ ಮಂತ್ರಗಳು ಎರಡೇ ಜಾತಿ: 'ಸಾರ್ಸರಿ' ಮತ್ತು 'ಇನ್‌ಸ್ಟಂಟ್'. ಸಾರ್ಸರಿಯನ್ನು ನಿಮ್ಮ ಸರದಿಯಲ್ಲಿ, ಕಾದಾಟದ ಮೊದಲೋ ಆಮೇಲೋ, ಬೇರಾವ ಮಂತ್ರವೂ ನಡುವೆ ಬಾಕಿಯಿಲ್ಲದಾಗ ಮಾತ್ರ ಹಾಕಬಹುದು. ಇನ್‌ಸ್ಟಂಟನ್ನು ನಿಮ್ಮ ಸರದಿಯಲ್ಲಾಗಲಿ ಎದುರಾಳಿಯ ಸರದಿಯಲ್ಲಾಗಲಿ, ಅವರು ಮಂತ್ರ ಹಾಕಿದ ಮೇಲೆ ಅದು ಫಲ ಕೊಡುವ ಮುಂಚೆ, ಕಾದಾಟದ ನಡುವೆ ಕೂಡ ಹಾಕಬಹುದು. ಎರಡಕ್ಕೂ ಇರುವ ವ್ಯತ್ಯಾಸ ಇದೊಂದೇ, ಯಾವಾಗ ಹಾಕಬಹುದು ಎಂಬುದು. ಆದರೆ ಇಡೀ ಆಟದ ರುಚಿ ಇದರಲ್ಲೇ ಇದೆ.

ಅಪ್ಪನಿಗೆ ಹೀಗೆ ಹೇಳಿದೆ: "ಸಾರ್ಸರಿ ಅಂದರ ಸಭಾದಾಗ ನಿಮ್ಮ ಹೆಸರು ಕರದಾಗ ಎದ್ದು ನಿಂತು ಮಾಡೋ ಭಾಷಣ. ಇನ್‌ಸ್ಟಂಟ್ ಅಂದರ ಇನ್ನೊಬ್ಬರು ಮಾತಾಡಲಿಕ್ಕೆ ಹತ್ತಿದಾಗ ಕೈ ಎತ್ತಿ, 'ತಡೀರಿ, ನಂದೊಂದದ' ಅನ್ನೋದು." ಅಪ್ಪ ತಲೆಯಾಡಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಇನ್‌ಸ್ಟಂಟ್ ಹಾಕುವವರು "ಇನ್ ರೆಸ್ಪಾನ್ಸ್" ಎನ್ನುವುದಿಲ್ಲ. "ತಡೀರಿ, ನಂದೊಂದದ" ಎನ್ನುತ್ತಾರೆ. ಮಗನ ಬಾಯಿಂದ ತಾನಾಗಿ ಬಂದ ಮೊದಲ ಕನ್ನಡ ವಾಕ್ಯಗಳಲ್ಲಿ ಅದೂ ಒಂದು.

ಆದರೆ ಇಬ್ಬರೂ ಮೇಲಿಂದ ಮೇಲೆ "ತಡೀರಿ" ಎಂದರೆ ಯಾರದ್ದು ಮೊದಲು ಫಲಿಸಬೇಕು? ಇದಕ್ಕೆ 'ಸ್ಟ್ಯಾಕ್' ಎಂಬ ನಿಯಮವಿದೆ. ಸ್ಟ್ಯಾಕ್ ಎಂದರೆ ಅಟ್ಟಿ. ಹೈದರಾಬಾದಿನಲ್ಲೂ ಪುಣೆಯಲ್ಲೂ ಸಾಫ್ಟ್‌ವೇರ್ ಕೆಲಸ ಮಾಡುವ ಕೇಳುಗರಿಗೆ ಈ ಮಾತು ಗೊತ್ತೇ ಇದೆ: ಕೊನೆಗೆ ಬಂದದ್ದು ಮೊದಲು ಹೊರಗೆ. ಅಪ್ಪನಿಗೆ ಅವರದೇ ಮೇಜಿನ ಉದಾಹರಣೆ ಕೊಟ್ಟೆ. ಹುಡುಗರು ಒಬ್ಬೊಬ್ಬರಾಗಿ ಬಂದು ನೋಟ್‌ಬುಕ್ಕನ್ನು ಒಂದರ ಮೇಲೊಂದು ಇಟ್ಟು ಹೋಗುತ್ತಾರೆ. ಮಾಸ್ತರರು ತಿದ್ದಲು ಕೂತಾಗ ಮೇಲಿನದನ್ನು, ಅಂದರೆ ಎಲ್ಲರಿಗಿಂತ ತಡವಾಗಿ ಇಟ್ಟವನದನ್ನು ಮೊದಲು ತೆಗೆಯುತ್ತಾರೆ. ಮಂತ್ರಗಳೂ ಹಾಗೆಯೇ. ಹಾಕಿದ ಮಂತ್ರ ಒಡನೆಯೇ ಫಲಿಸುವುದಿಲ್ಲ, ಅಟ್ಟಿಯ ಮೇಲೆ ಕೂರುತ್ತದೆ. ಎದುರಿನವರು ಅದರ ಮೇಲೆ ತಮ್ಮದೊಂದು ಇಡಬಹುದು. ನೀವು ಮತ್ತೆ ಅದರ ಮೇಲೆ ಇಡಬಹುದು. ಇಬ್ಬರೂ "ಇನ್ನು ನನ್ನದೇನಿಲ್ಲ" ಎಂದಾಗ ಎಲ್ಲಕ್ಕಿಂತ ಮೇಲಿನದು ಫಲಿಸುತ್ತದೆ. ಒಂದು ಫಲಿಸಿದ ಮೇಲೆ ಮತ್ತೆ ಇಬ್ಬರಿಗೂ ಮಾತಿನ ಅವಕಾಶ. ಹೀಗೆ ಒಂದೊಂದಾಗಿ ಕೆಳಗಿನವರೆಗೆ.

ಉದಾಹರಣೆಯಿಲ್ಲದೆ ಇದು ತಲೆಗೆ ಹತ್ತುವುದಿಲ್ಲ. ಮೂರು ಎಲೆ ತೆಗೆದುಕೊಳ್ಳಿ. ಒಂದು, 'ಗ್ರಿಝ್ಲಿ ಬೇರ್ಸ್', ಅಂದರೆ ಕರಡಿ. ಅದರ ಬಲ 2, ತಾಳಿಕೆ 2. ಎರಡು ಅಥವಾ ಹೆಚ್ಚು ಏಟು ಬಿದ್ದರೆ ಸಾಯುತ್ತದೆ. ಎರಡನೆಯದು, 'ಲೈಟ್ನಿಂಗ್ ಬೋಲ್ಟ್', ಅಂದರೆ ಸಿಡಿಲು. ಒಂದು ಕೆಂಪು ಮಾನಾಕ್ಕೆ 3 ಏಟು. ಮೂರನೆಯದು, 'ಜಯಂಟ್ ಗ್ರೋತ್', ಅಂದರೆ ದೈತ್ಯ ಬೆಳವಣಿಗೆ. ಒಂದು ಹಸಿರು ಮಾನಾಕ್ಕೆ ಒಂದು ಪ್ರಾಣಿಯ ಬಲಕ್ಕೂ ತಾಳಿಕೆಗೂ ಮೂರು ಮೂರು ಸೇರಿಸುತ್ತದೆ, ಆ ಸರದಿ ಮುಗಿಯುವವರೆಗೆ. ಸಿಡಿಲು, ಬೆಳವಣಿಗೆ ಎರಡೂ ಇನ್‌ಸ್ಟಂಟ್.

ಮೊದಲ ಸಂದರ್ಭ. ಕರಡಿ ನಿಮ್ಮದು. ನಾನು ಅದರ ಮೇಲೆ ಸಿಡಿಲು ಹಾಕುತ್ತೇನೆ. ನೀವು "ತಡೀರಿ, ನಂದೊಂದದ" ಎಂದು ಕರಡಿಯ ಮೇಲೆ ಬೆಳವಣಿಗೆ ಹಾಕುತ್ತೀರಿ. ಅಟ್ಟಿಯ ಮೇಲೆ ಇರುವುದು ಬೆಳವಣಿಗೆ, ಆದ್ದರಿಂದ ಅದೇ ಮೊದಲು ಫಲಿಸುತ್ತದೆ. ಕರಡಿಯ ತಾಳಿಕೆ 5 ಆಗುತ್ತದೆ. ಆಮೇಲೆ ನನ್ನ ಸಿಡಿಲು ಬಡಿದು 3 ಏಟು. ಕರಡಿ ಬದುಕುತ್ತದೆ, ನನ್ನ ಎಲೆ ವ್ಯರ್ಥ.

ಎರಡನೆಯ ಸಂದರ್ಭ. ಅದೇ ಕರಡಿ, ಅವೇ ಎರಡು ಎಲೆ. ಈ ಸಲ ನೀವು ಅವಸರ ಮಾಡಿ ಮೊದಲೇ ಕರಡಿಯ ಮೇಲೆ ಬೆಳವಣಿಗೆ ಹಾಕುತ್ತೀರಿ. ಈಗ "ತಡೀರಿ" ಎನ್ನುವ ಸರದಿ ನನ್ನದು. ಬೆಳವಣಿಗೆ ಇನ್ನೂ ಅಟ್ಟಿಯಲ್ಲಿದೆ, ಕರಡಿಯ ತಾಳಿಕೆ ಇನ್ನೂ 2. ನಾನು ಅದರ ಮೇಲೆ ಸಿಡಿಲು ಇಡುತ್ತೇನೆ. ಸಿಡಿಲು ಮೊದಲು ಫಲಿಸಿ ಕರಡಿ ಸಾಯುತ್ತದೆ. ಆಮೇಲೆ ನಿಮ್ಮ ಬೆಳವಣಿಗೆ ಫಲಿಸಲು ಹೋದರೆ ಕರಡಿಯೇ ಇಲ್ಲ. ಗುರಿಯಿಲ್ಲದ ಮಂತ್ರ ಕೆಲಸ ಮಾಡದೆ ಕಸಕ್ಕೆ ಹೋಗುತ್ತದೆ. ನನ್ನ ಒಂದು ಎಲೆಗೆ ನಿಮ್ಮ ಎರಡು ಹೋದವು.

ನೋಡಿದಿರಾ? ಎಲೆಗಳು ಅವೇ, ಅಂಕಿಗಳು ಅವೇ. ಯಾರು ಮೊದಲು ಹಾಕಿದರು ಎಂಬುದಷ್ಟೇ ಬೇರೆ. ಈ ಎರಡು ಸಂದರ್ಭವನ್ನು ಎಲೆ ಇಟ್ಟು ಒಮ್ಮೆ ಆಡಿ ನೋಡಿದರೆ ಇನ್‌ಸ್ಟಂಟ್ ಬಗ್ಗೆ ಮುಕ್ಕಾಲು ಭಾಗ ತಿಳಿದ ಹಾಗೆ.

ಇಲ್ಲಿ ಅಪ್ಪ ಒಂದು ಪ್ರಶ್ನೆ ಕೇಳಿದರು. ಮಾಸ್ತರರ ಪ್ರಶ್ನೆ. "ಸರದಿ ಮುಗದ ಮ್ಯಾಲೆ ಬೆಳವಣಿಗಿ ಇಳೀತದ. ಕರಡಿ ಮತ್ತ ಎರಡಕ್ಕ ಬರ್ತದ. ಮೈಮ್ಯಾಲೆ ಮೂರು ಏಟು ಹಂಗ ಇರ್ತಾವಲ್ಲಾ? ಆಗ ಸಾಯಬೇಕಲ್ಲಾ?" ನನಗೆ ಉತ್ತರ ಗೊತ್ತಿರಲಿಲ್ಲ. ಮಗನಿಗೆ ಗೊತ್ತಿತ್ತು. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡಿದ. ಆಮೇಲೆ ಅಜ್ಜನ ಕಡೆಗೇ ತಿರುಗಿ, ತಡವರಿಸುತ್ತ, "ಇಲ್ಲಜ್ಜಾ, ಏಟೂ ಹೋಗ್ತದ, ಬೆಳವಣಿಗೀನೂ ಹೋಗ್ತದ. ಎರಡೂ ಒಂದಽ ಸಲಕ್ಕ" ಎಂದ. ಉತ್ತರ ಸರಿಯಾಗಿತ್ತು. ಸರದಿಯ ಕೊನೆಗೆ ಏಟಿನ ಲೆಕ್ಕವೂ, ಆ ಸರದಿಗಷ್ಟೇ ಇದ್ದ ಪರಿಣಾಮವೂ ಒಟ್ಟಿಗೇ ಅಳಿಸಿಹೋಗುತ್ತವೆ. ಕರಡಿ ಉಳಿಯುತ್ತದೆ. ಅಂದಿನಿಂದ ದುಭಾಷಿಯ ಕೆಲಸ ನನ್ನ ಕೈತಪ್ಪಿತು.

ಪೆಟ್ಟಿಗೆಯಲ್ಲಿ ಇನ್ನೊಂದು ಒಗಟು ಸಿಕ್ಕಿತು. 'ಕೌಂಟರ್‌ಸ್ಪೆಲ್' ಎಂಬ ಎಲೆಯ ಮೇಲೆ ಇನ್‌ಸ್ಟಂಟ್ ಎಂದಿರಲಿಲ್ಲ, 'ಇಂಟರಪ್ಟ್' ಎಂದಿತ್ತು. ಇದೇನು ಹೊಸ ಜಾತಿ? ವಿಚಾರಿಸಿದಾಗ ತಿಳಿಯಿತು, ಮೊದಲ ವರ್ಷಗಳಲ್ಲಿ ಇನ್‌ಸ್ಟಂಟಿಗಿಂತ ವೇಗದ ಇಂಟರಪ್ಟ್ ಎಂಬ ಜಾತಿಯೊಂದು ಇತ್ತು. ವೇಗದ ಮೇಲೆ ವೇಗ ಸೇರಿ ಜಗಳಗಳೇ ಜಾಸ್ತಿಯಾದವು. 1999ರಲ್ಲಿ ಆರನೆಯ ಆವೃತ್ತಿಯ ನಿಯಮಗಳು ಬಂದಾಗ ಇಂಟರಪ್ಟನ್ನು ತೆಗೆದುಹಾಕಿ, ಅವನ್ನೆಲ್ಲ ಇನ್‌ಸ್ಟಂಟ್ ಎಂದೇ ಎಣಿಸಬೇಕು ಎಂದರು. ನಾನು ಈಗ ಹೇಳಿದ ಅಟ್ಟಿಯ ನಿಯಮ ಬಂದದ್ದೂ ಆಗಲೇ. ನಿಮ್ಮ ಕೈಗೂ ಹಳೆಯ ಎಲೆ ಸಿಕ್ಕರೆ ಗಾಬರಿಯಾಗಬೇಡಿ. ಇಂಟರಪ್ಟ್ ಎಂದಿದ್ದರೆ ಇನ್‌ಸ್ಟಂಟ್ ಎಂದೇ ಓದಿಕೊಳ್ಳಿ.

ಕೌಂಟರ್‌ಸ್ಪೆಲ್ ಮಾಡುವ ಕೆಲಸ, ಅಟ್ಟಿಯ ಮೇಲಿರುವ ಒಂದು ಮಂತ್ರವನ್ನು ರದ್ದು ಮಾಡುವುದು. ಬೆಲೆ ಎರಡು ನೀಲಿ ಮಾನಾ. ಒಂದು ಎಚ್ಚರಿಕೆ: ಮಂತ್ರ ಅಟ್ಟಿಯ ಮೇಲಿದ್ದಾಗಲೇ ಅದನ್ನು ತಡೆಯಬೇಕು. ಪ್ರಾಣಿ ಮೇಜಿಗೆ ಬಂದು ಕೂತ ಮೇಲೆ ಕೌಂಟರ್‌ಸ್ಪೆಲ್ ಹಿಡಿದು ಕೊರಗಿ ಉಪಯೋಗವಿಲ್ಲ. ಅಟ್ಟಿಯ ನಿಯಮ ಇಲ್ಲಿಯೂ ಅದೇ. ನಾನು ಪ್ರಾಣಿಯನ್ನು ಕರೆಯುತ್ತೇನೆ, ನೀವು ಕೌಂಟರ್‌ಸ್ಪೆಲ್ ಹಾಕುತ್ತೀರಿ, ನಿಮ್ಮ ಕೌಂಟರ್‌ಸ್ಪೆಲ್ಲಿನ ಮೇಲೆ ನಾನು ನನ್ನ ಕೌಂಟರ್‌ಸ್ಪೆಲ್ ಹಾಕುತ್ತೇನೆ. ಮೇಲಿನದು ಮೊದಲು, ಆದ್ದರಿಂದ ನಿಮ್ಮದು ರದ್ದಾಗುತ್ತದೆ, ನನ್ನ ಪ್ರಾಣಿ ಬರುತ್ತದೆ.

ಹೊಸಬರು ಮಾಡುವ ಇನ್ನೆರಡು ತಪ್ಪು ಹೇಳಿಬಿಡುತ್ತೇನೆ. ಜಮೀನು ಮಂತ್ರವಲ್ಲ. ಅದು ಅಟ್ಟಿಗೆ ಹೋಗುವುದೇ ಇಲ್ಲ. ಎದುರಿನವರು ಜಮೀನು ಇಡುವಾಗ "ತಡೀರಿ" ಎಂದರೆ ನಡೆಯದು. ಇನ್ನೊಂದು, ಕೆಲವು ಪ್ರಾಣಿಗಳಿಗೆ ತಮ್ಮದೇ ಶಕ್ತಿ ಇರುತ್ತದೆ. 'ಪ್ರಾಡಿಗಲ್ ಸಾರ್ಸರರ್' ಎಂಬ ಮಾಂತ್ರಿಕ ಅಡ್ಡ ಮಲಗಿ 1 ಏಟು ಕೊಡಬಲ್ಲ. ಅವನು ಆ ಶಕ್ತಿ ಬಳಸಿದ ಮೇಲೆ ನೀವು ಸಿಡಿಲು ಹಾಕಿ ಅವನನ್ನು ಕೊಂದರೂ ಆ 1 ಏಟು ಬಂದೇ ಬರುತ್ತದೆ. ಅಪ್ಪ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: "ಬಿಲ್ಲುಗಾರ ಸತ್ತರ ಬಿಟ್ಟ ಬಾಣ ತಿರುಗಿ ಬರೂದಿಲ್ಲ."

ಈಗ ಅಡ್ಡ ಮಲಗಿದ ಜಮೀನಿನ ಮಾತಿಗೆ ಬರೋಣ. ನಿಮ್ಮ ಸರದಿಯಲ್ಲಿ ಇದ್ದ ಮಾನಾವನ್ನೆಲ್ಲ ಖರ್ಚು ಮಾಡಿದರೆ ಎದುರಾಳಿಯ ಸರದಿಯಲ್ಲಿ ನಿಮ್ಮ ಕೈ ಖಾಲಿ. ಕೈಯಲ್ಲಿ ಎಂಥ ಇನ್‌ಸ್ಟಂಟ್ ಇದ್ದರೂ ಹಾಕುವ ಹಾಗಿಲ್ಲ. ಆದ್ದರಿಂದ ಇನ್‌ಸ್ಟಂಟ್ ಆಡುವವರು ಜಮೀನನ್ನು ನೆಟ್ಟಗೆ ಉಳಿಸಿಕೊಂಡು ಸರದಿ ಬಿಟ್ಟುಕೊಡಬೇಕು. ಕಾಯುವುದಕ್ಕೂ ಒಂದು ಬೆಲೆ ಇದೆ. ಕಾದು ಕಾದು ಏನೂ ಬರದೇ ಹೋದರೆ ಆ ಮಾನಾ ನಷ್ಟ. ಬಲ್ಲವರು ಅದಕ್ಕೂ ಉಪಾಯ ಮಾಡುತ್ತಾರೆ. ಎಲೆ ಎಳೆಯುವಂಥ ಇನ್‌ಸ್ಟಂಟ್ ಇದ್ದರೆ ಎದುರಾಳಿಯ ಸರದಿ ಮುಗಿಯುವ ಹೊತ್ತಿಗೆ ಹಾಕುತ್ತಾರೆ. ಮರುಕ್ಷಣವೇ ತಮ್ಮ ಸರದಿ ಬಂದು ಜಮೀನೆಲ್ಲ ನೆಟ್ಟಗಾಗುತ್ತದೆ.

ಕಾಯುವುದರಲ್ಲಿ ನಮ್ಮ ಅಪ್ಪನನ್ನು ಮೀರಿಸುವವರಿಲ್ಲ. ಒಂದು ಸಂಜೆ ಎರಡು ದ್ವೀಪ ನೆಟ್ಟಗಿಟ್ಟುಕೊಂಡು, ಮೂರು ಸರದಿ ಏನೂ ಮಾಡದೆ, ಎಲೆಗಳ ಮೇಲಿಂದ ಕನ್ನಡಕದಲ್ಲಿ ಮೊಮ್ಮಗನನ್ನು ನೋಡುತ್ತ ಕೂತರು. ಅವನ ಕೈಯಲ್ಲಿ ಒಂದು ದೊಡ್ಡ ಪ್ರಾಣಿ ಇತ್ತು. ಅಜ್ಜನ ಬಳಿ ಕೌಂಟರ್‌ಸ್ಪೆಲ್ ಇದೆ ಎಂದು ಹೆದರಿ ಹಾಕಲೇ ಇಲ್ಲ. ಆಟ ಸೋತ. ಆಮೇಲೆ ಅಜ್ಜ ಕೈ ಬಿಚ್ಚಿ ತೋರಿಸಿದರು. ಮೂರು ಎಲೆ, ಮೂರೂ ಜಮೀನು! "ನಲವತ್ತು ವರ್ಷ ಕ್ಲಾಸಿನ್ಯಾಗ ಬೆತ್ತ ಮೇಜಿನ ಮ್ಯಾಲೆ ಇಟ್ಟೀನಿ. ಹೊಡದದ್ದು ಎಷ್ಟು ಸಲ?" ಎಂದರು. ಮಗ ನೆಲದ ಮೇಲೆ ಉರುಳಾಡಿ ನಕ್ಕ.

ಆಲ್ಫಾ ಮುದ್ರಣದಲ್ಲಿ ಒಂದು ಸೊಗಸಾದ ಐದರ ಗುಂಪು ಇದೆ. ಬಣ್ಣಕ್ಕೊಂದು ಎಲೆ, ಐದಕ್ಕೂ ಬೆಲೆ ಒಂದೇ ಮಾನಾ, ಐದೂ ಕೊಡುವುದು ಮೂರರ ಲೆಕ್ಕದಲ್ಲಿ. ಬಿಳಿಯ 'ಹೀಲಿಂಗ್ ಸಾಲ್ವ್' 3 ಜೀವ ಕೊಡುತ್ತದೆ ಅಥವಾ 3 ಏಟು ತಡೆಯುತ್ತದೆ. ನೀಲಿಯ 'ಆನ್ಸೆಸ್ಟ್ರಲ್ ರೀಕಾಲ್' 3 ಎಲೆ ಎಳೆಯಲು ಬಿಡುತ್ತದೆ. ಕಪ್ಪಿನ 'ಡಾರ್ಕ್ ರಿಚುವಲ್' 3 ಮಾನಾ ಕೊಡುತ್ತದೆ. ಕೆಂಪಿನದು ಸಿಡಿಲು, ಹಸಿರಿನದು ಬೆಳವಣಿಗೆ. ಇವತ್ತಿನ ನಿಯಮದಲ್ಲಿ ಐದೂ ಇನ್‌ಸ್ಟಂಟ್. ಕಾಗದದ ಮೇಲೆ ಐದೂ ಸಮ. ಆಡಿದಾಗ ಮಾತ್ರ ಆಕಾಶ ಭೂಮಿಯ ಅಂತರ. 3 ಜೀವ ಕೊಡುವ ಎಲೆಯನ್ನು ಇಂದು ಕೇಳುವವರಿಲ್ಲ. 3 ಎಲೆ ಕೊಡುವುದು ಎಷ್ಟು ಬಲಶಾಲಿಯೆಂದರೆ, 'ಪವರ್ ನೈನ್' ಎಂದು ಹೆಸರಾದ ಒಂಬತ್ತು ಎಲೆಗಳಲ್ಲಿ ಅದೂ ಒಂದಾಯಿತು. ವಿಂಟೇಜ್ ಎಂಬ ಪಂದ್ಯಪ್ರಕಾರದಲ್ಲಿ ಕಟ್ಟಿಗೆ ಒಂದೇ ಒಂದು ಇಟ್ಟುಕೊಳ್ಳಬಹುದು. ಸಿಡಿಲನ್ನೂ ಹೆಚ್ಚಾಯಿತೆಂದು 1995ರ ನಾಲ್ಕನೆಯ ಆವೃತ್ತಿಯ ನಂತರ ಮೂಲ ಸರಣಿಯಿಂದ ಹೊರಗಿಟ್ಟು, 2009ರಲ್ಲಿ ಮತ್ತೆ ತಂದರು. ನಡುವೆ 1998ರಲ್ಲಿ ಬಂದ 'ಶಾಕ್' ಅದೇ ಬೆಲೆಗೆ ಕೊಡುತ್ತಿದ್ದುದು 2 ಏಟು ಮಾತ್ರ. (ನಮ್ಮ ಪೆಟ್ಟಿಗೆಯಲ್ಲಿ ಆನ್ಸೆಸ್ಟ್ರಲ್ ರೀಕಾಲ್ ಇರಲಿಲ್ಲ. ಇದ್ದಿದ್ದರೆ ಅದು ಈಗ ಬ್ಯಾಂಕಿನ ಲಾಕರಿನಲ್ಲಿ ಇರುತ್ತಿತ್ತು!)

ಹಣದ ಮಾತು ಬಂದದ್ದಕ್ಕೆ ತಂದೆತಾಯಿಯರಿಗೆ ಒಂದು ಕಿವಿಮಾತು. "ಇದು ಜೂಜಲ್ಲವೇ?" ಎಂದು ನಮ್ಮ ಅಪ್ಪ ಮೊದಲ ದಿನವೇ ಕೇಳಿದರು. ಪ್ರಶ್ನೆ ಸುಳ್ಳಲ್ಲ. ಮೊದಲ ನಿಯಮಗಳಲ್ಲಿ 'ಆಂಟೆ' ಎಂದು, ಇಬ್ಬರೂ ಒಂದೊಂದು ಎಲೆ ಪಣಕ್ಕಿಟ್ಟು ಗೆದ್ದವರು ಒಯ್ಯುವ ಪದ್ಧತಿ ಇತ್ತು. ಜನರಿಗೆ ಅದು ಸೇರಲಿಲ್ಲ, ಪಂದ್ಯಗಳಿಂದ ಅದನ್ನು ತೆಗೆದುಹಾಕಿದರು. ಈಗ ಪಣ ಇಲ್ಲ. ಆದರೆ ಒಳಗೆ ಏನಿದೆ ಎಂದು ಗೊತ್ತಿಲ್ಲದ ಮೊಹರಾದ ಪೊಟ್ಟಣಗಳಲ್ಲಿ ಎಲೆ ಮಾರುವುದು ಇದೆ. ಅಪರೂಪದ ಎಲೆಯ ಆಸೆಗೆ ಪೊಟ್ಟಣದ ಮೇಲೆ ಪೊಟ್ಟಣ ಕೊಳ್ಳುವ ಚಟ ಮಕ್ಕಳಿಗೆ ಹತ್ತಬಾರದು. ನಮ್ಮ ಮನೆಯ ನಿಯಮ, ಪೆಟ್ಟಿಗೆಯಲ್ಲಿ ಇದ್ದುದರಿಂದಲೇ ಎರಡು ಕಟ್ಟು ಕಟ್ಟುವುದು, ಅಜ್ಜನಿಗೊಂದು, ಮೊಮ್ಮಗನಿಗೊಂದು. ಮೇಲೆ ಹೇಳಿದ ಕರಡಿ, ಸಿಡಿಲು, ಬೆಳವಣಿಗೆ ಎಲ್ಲವೂ ಸಾಮಾನ್ಯ ದರ್ಜೆಯ ಎಲೆಗಳೇ. ಆಟದ ರುಚಿಗೆ ಅವು ಸಾಕು. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ 'ಅರೇನಾ' ಎಂಬ ರೂಪವೂ ಇದೆ. ಆದರೆ ಎದುರಿಗೆ ಕೂತವರ ಮುಖ ಅಲ್ಲಿ ಕಾಣುವುದಿಲ್ಲ.

ಕೊನೆಯದಾಗಿ ಮನೆಯ ಕಥೆ ಮುಗಿಸುತ್ತೇನೆ. ಕಳೆದ ಫೆಬ್ರುವರಿಯಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ನಾ ಇನ್ನ ಊರಿಗೆ ಹೋಗ್ತೀನಿ. ಮನಿ ಬಾಗಲಾ ಹಾಕ್ಕೊಂಡು ಬಿದ್ದದ. ಬರೋ ಸೋಮವಾರದ ಟಿಕೆಟ್ ತಗಸು" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿರ್ಧಾರ ಇತ್ತು. ನಾನು ಏನು ಹೇಳಲಿ ಎಂದು ಯೋಚಿಸುತ್ತ ತಟ್ಟೆ ನೋಡುತ್ತಿದ್ದೆ. ಇವಳೂ ಸುಮ್ಮನಿದ್ದಳು. ನಮ್ಮ ಮನೆಯಲ್ಲಿ ಅಪ್ಪ ಹೇಳಿದ ಮೇಲೆ ಮುಗಿಯಿತು ಎಂದೇ ಲೆಕ್ಕ. ನಾನು ಹುಟ್ಟಿದಂದಿನಿಂದ ಹಾಗೆಯೇ. ನಾನು ಮಗನ ಪೆಟ್ಟಿಗೆ ಲಾಫ್ಟಿಗೆ ಎಸೆದದ್ದೂ ಅದೇ ಲೆಕ್ಕದಲ್ಲಿ.

ಆಗ ಮಗ ರೊಟ್ಟಿ ಹಿಡಿದ ಕೈ ಹಾಗೆಯೇ ಎತ್ತಿ, "ತಡೀರಿ ಅಜ್ಜಾ, ನಂದೊಂದದ" ಎಂದ.

ಅಪ್ಪ ಅವನ ಮುಖ ನೋಡಿದರು. ಆಟದಲ್ಲಿ ಹಾಗೆಂದರೆ ಕೇಳಲೇಬೇಕು, ನಿಯಮ. "ಆತು, ನಿಂದೇನದ ಹೇಳು" ಎಂದರು.

"ನನ್ನ ಪರೀಕ್ಷಾ ಮಾರ್ಚಿನ್ಯಾಗ ಮುಗೀತದ. ಅಲ್ಲೀತನ ಇರ್ರಿ. ಆಮ್ಯಾಲೆ ನಾನೂ ಬರ್ತೀನಿ ನಿಮ್ಮ ಜೋಡಿ. ಸೂಟಿ ಮುಗಿಯೂತನ ಅಲ್ಲೇ ಇರ್ತೀನಿ."

ಅಪ್ಪ ತುಸು ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಿಂದೇನರೆ ಅದ ಏನು?" ಎಂದು ಕೇಳಿದರು. ನಲವತ್ತೆಂಟು ವರ್ಷದಲ್ಲಿ ಅವರು ನನಗೆ ಹಾಗೆ ಕೇಳಿದ್ದು ಅದೇ ಮೊದಲು. "ನಂದೂ ಅದಽ ಅದ, ಅಪ್ಪಾ" ಎಂದೆ. ಟಿಕೆಟ್ ಏಪ್ರಿಲಿಗೆ ತೆಗೆಸಿದೆವು. ಎರಡು ಟಿಕೆಟ್.

ಅಪ್ಪ ಈಗ ಧಾರವಾಡದಲ್ಲೇ ಇದ್ದಾರೆ. ಪುಣೆಯಲ್ಲಿ ಅವರನ್ನು ಕಟ್ಟಿಹಾಕಲು ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಮಗ ರಜೆ ಮುಗಿಸಿ ಬಂದ. ಒಂದು ಕಟ್ಟು ಅಲ್ಲೇ ಬಿಟ್ಟು ಬಂದಿದ್ದಾನೆ. ಭಾನುವಾರ ಫೋನಿನಲ್ಲಿ ಮುಖ ನೋಡುತ್ತ ಆಡುತ್ತಾರೆ. ಇಲ್ಲಿಂದ ಇವನು ಎಲೆ ತೋರಿಸುತ್ತಾನೆ, ಅಲ್ಲಿಂದ ಅವರು "ತಡೀ" ಎನ್ನುತ್ತಾರೆ. ಎಲ್ಲ ಕನ್ನಡದಲ್ಲೇ.

ನಿಮ್ಮ ಮನೆಯಲ್ಲೂ ಯಾವುದೋ ಪೆಟ್ಟಿಗೆ ಲಾಫ್ಟಿನ ಮೇಲೆ ಇದ್ದರೆ ಒಮ್ಮೆ ಕೆಳಗಿಳಿಸಿ ನೋಡಿ. ಮಕ್ಕಳನ್ನು ಕೇಳಿ, "ಇದು ಹ್ಯಾಗೆ ಆಡೋದು, ನನಗೂ ಹೇಳಿಕೊಡು" ಎಂದು. ಅವರು ಇಂಗ್ಲಿಷಿನಲ್ಲಿ ಶುರು ಮಾಡಲಿ, ನೀವು ಕನ್ನಡದಲ್ಲಿ ಪ್ರಶ್ನೆ ಕೇಳಿ. ಕರಡಿ ಮತ್ತು ಸಿಡಿಲಿನ ಆ ಎರಡು ಸಂದರ್ಭದಿಂದ ಆರಂಭಿಸಿ. ಮೊದಲ ದಿನ ಅಷ್ಟೇ ಸಾಕು.